ಎಷ್ಟನೇ ಮೆಟ್ಟಿಲು?

ಆಕಾಶ ತಿಳಿಯಾಗಿರುತ್ತದೆ. ಬೇಕಾದರೆ ಚುಕ್ಕಿ ಎಣಿಸಬಹುದು. ಮೂರು ವಾರದಿಂದ ಒಂದು ಹನಿ ಬಿದ್ದಿರುವುದಿಲ್ಲ, ಎರಿಹೊಲದ ತೊಗರಿ ಬಾಡಿ ನಿಂತಿರುತ್ತದೆ. ಅಂಥ ರಾತ್ರಿ ಪಂಚಾಯ್ತಿಯ ಆಟೋ ಮೈಕ್ ಕಟ್ಟಿಕೊಂಡು ಓಣಿ ಓಣಿ ತಿರುಗುತ್ತದೆ. "ಹೊಳಿ ಬರ್ತೈತಿ, ಯಾರೂ ದಂಡಿಗೆ ಹೋಗಬ್ಯಾಡ್ರಿ, ದನಾ ಬಿಡಬ್ಯಾಡ್ರಿ."

ನಮ್ಮ ಕಡೆ ಪ್ರವಾಹ ಬರುವುದು ಹೀಗೆ. ಕೊಪ್ಪಳದ ನಮ್ಮ ಕಾಲೇಜಿಗೆ ತೀರ್ಥಹಳ್ಳಿ ಕಡೆಯ ಮೇಷ್ಟ್ರೊಬ್ಬರು ವರ್ಗವಾಗಿ ಬಂದಿದ್ದರು. ಮೊದಲ ವರ್ಷವೇ ಕೇಳಿದರು, "ಅಲ್ಲ ಮಾರಾಯ್ರೆ, ಕೊಡೆನೇ ಇಲ್ಲದ ಊರಲ್ಲಿ ನೆರೆ ಬರೋದು ಹೇಗೆ?" ನಾನಂದೆ, "ನಿಮ್ಮದೇ ನೀರು ಸಾರ್. ನೀವು ಕೊಡೆ ಹಿಡಿದದ್ದು ಮೊನ್ನೆ, ನಾವು ಓಡೋದು ಇವತ್ತು."

ಸುಮ್ನೆ ತಮಾಷೆಗೆ ಹೇಳಿದ್ದಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ವರ್ಷವಿಡೀ ಬೀಳುವ ಮಳೆ ಐದಾರು ನೂರು ಮಿಲಿಮೀಟರ್. ಆಗುಂಬೆಯಲ್ಲಿ ಏಳು ಸಾವಿರಕ್ಕೂ ಜಾಸ್ತಿ. ಅಲ್ಲಿ ಜುಲೈನಲ್ಲಿ ಜಡಿ ಹಿಡಿದರೆ ನಮ್ಮ ಇಡೀ ವರ್ಷದ ಮಳೆ ಎರಡು ಮೂರು ದಿನದಲ್ಲಿ ಮುಗಿದುಹೋಗುತ್ತದೆ. ಆ ನೀರು ಎಲ್ಲಿಗಾದರೂ ಹೋಗಬೇಕಲ್ಲ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆ ಕೂಡಲಿಯಲ್ಲಿ ಸೇರುತ್ತವೆ. ಗಳಗನಾಥದ ಹತ್ತಿರ ವರದೆ ಬಂದು ಕೂಡುತ್ತಾಳೆ. ಎಲ್ಲವೂ ಸೇರಿ ಮುನಿರಾಬಾದಿನ ತುಂಗಭದ್ರಾ ಡ್ಯಾಂಗೆ ಬರುವ ಹೊತ್ತಿಗೆ ಮಳೆ ಸುರಿದವರು ಬಟ್ಟೆ ಒಣಗಿಸುತ್ತಿರುತ್ತಾರೆ. ಆಮೇಲೆ ನಮ್ಮ ಸರದಿ.

ರಾಯಚೂರಿನವರದು ಇನ್ನೂ ಒಂದು ಕೈ ಮೇಲು. ಅವರಿಗೆ ಈ ಕಡೆ ತುಂಗಭದ್ರೆ, ಆ ಕಡೆ ಕೃಷ್ಣೆ. ಆ ಸೀಮೆಗೆ ಹಳಬರು ಎಡೆದೊರೆ ನಾಡು ಅಂತಲೇ ಹೆಸರಿಟ್ಟಿದ್ದರು, ಎರಡು ಹೊಳೆಗಳ ನಡುವಿನ ನಾಡು. ಕೃಷ್ಣೆಯ ನೀರಂತೂ ಮಹಾಬಲೇಶ್ವರದ ಮಳೆಯ ನೀರು. ಕೊಯ್ನಾ ತುಂಬಿ, ಆಲಮಟ್ಟಿ ತುಂಬಿ, ನಾರಾಯಣಪುರದ ಗೇಟು ಎತ್ತಿದರೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ದೇವದುರ್ಗದ ಕಡೆ ಹೂವಿನಹೆಡಗಿ ಸೇತುವೆ ಮುಳುಗುತ್ತದೆ. ಹೊಳೆಯ ನಡುವಿನ ಗಡ್ಡಿಗಳಲ್ಲಿ ಬದುಕುವ ಮಂದಿ ವಾರಗಟ್ಟಲೆ ಅಲ್ಲೇ ಉಳಿಯುತ್ತಾರೆ. ಬೇರೆ ರಾಜ್ಯದ ಗುಡ್ಡದ ಮಳೆಗೆ ಇಲ್ಲಿ ಹಾಲು ಮಾರಲು ಹೋಗುವವರ ದಾರಿ ಬಂದ್.

ನಮ್ಮೂರು ಕಂಪ್ಲಿಗೆ ಹತ್ತಿರ, ಹೊಳೆಯ ದಂಡೆಗೇ ಇದೆ. ಊರ ಹೆಸರು ಬೇಡ. ಹೊಳೆಗೆ ಇಳಿಯುವಲ್ಲಿ ಹನುಮಪ್ಪನ ಗುಡಿ, ಅದಕ್ಕೆ ಹದಿನಾಲ್ಕು ಕಲ್ಲಿನ ಮೆಟ್ಟಿಲು. ನನ್ನ ಸೋದರಮಾವನ ಗದ್ದೆ ಗುಡಿಯ ಪಕ್ಕದಲ್ಲೇ. ಮಾವ ಒಂದನೇ ಮೆಟ್ಟಿಲನ್ನು ಕೆಳಗಿನಿಂದ ಎಣಿಸುತ್ತಾನೆ. ಊರಲ್ಲಿ ಎಲ್ಲರೂ ಹಾಗೇ. ನೀರಿನ ಮಟ್ಟ ಹೇಳುವುದಕ್ಕೆ ಅಡಿ, ಮೀಟರ್ ಏನೂ ಬೇಕಿಲ್ಲ. "ನಾಕನೇ ಮೆಟ್ಲ ಆಗೈತಿ" ಅಂದರೆ ತೆಪ್ಪದವನು ತೆಪ್ಪ ಎಳೆದು ಮೇಲೆ ಮಗುಚಿ ಹಾಕುತ್ತಾನೆ. "ಏಳನೇದು" ಅಂದರೆ ಕೆಳಗಿನ ಓಣಿಯವರು ಜೋಳದ ಚೀಲ ಅಟ್ಟಕ್ಕೆ ಏರಿಸುತ್ತಾರೆ. "ಒಂಬತ್ತು" ಅಂದರೆ ಮಾವನ ಪಂಪ್‌ಸೆಟ್ ಇರುವ ಶೆಡ್ಡಿಗೆ ನೀರು.

ಟಿವಿಯವರು ಮೆಟ್ಟಿಲು ಹೇಳುವುದಿಲ್ಲ. ಅವರು ಕ್ಯುಸೆಕ್ ಹೇಳುತ್ತಾರೆ.

ಕ್ಯುಸೆಕ್ ಅಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು. ಲೀಟರ್ ಲೆಕ್ಕದಲ್ಲಿ ಸುಮಾರು 28. ನಮ್ಮವ್ವನಿಗೆ ನಾನು ಬಿಡಿಸಿ ಹೇಳಿದ್ದು ಹೀಗೆ: ಒಂದು ಕ್ಯುಸೆಕ್ ಅಂದರೆ ಎರಡು ಕೊಡ. ಒಂದು ಲಕ್ಷ ಕ್ಯುಸೆಕ್ ಅಂದರೆ ನೀನು ಒಂದು ಸಲ ರೆಪ್ಪೆ ಬಡಿಯುವಷ್ಟರಲ್ಲಿ ಎರಡು ಲಕ್ಷ ಕೊಡ ನೀರು ಗುಡಿ ಮುಂದೆ ಹೋಯಿತು ಅಂತ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟ್ ಕೊಡ ಯಾರ ಹೊತ್ತಾರೊ?" ಅಂದಳು. ಅದೇ ಒಂದು ಲಕ್ಷ ಕ್ಯುಸೆಕ್ ಒಂದು ಹಗಲು ಒಂದು ರಾತ್ರಿ ಹರಿದರೆ ಎಂಟೂವರೆ ಟಿಎಂಸಿಗೆ ಒಂದಿಷ್ಟು ಜಾಸ್ತಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಅಂದರೆ ಹನ್ನೆರಡು ಹದಿಮೂರು ದಿನ ಹಾಗೇ ಬಂದರೆ ಖಾಲಿ ಡ್ಯಾಂ ತುಂಬಿ ಕೋಡಿ ಬೀಳಬೇಕು. ಡ್ಯಾಂ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಈಗ ಹೂಳು ಕೂತು 105ಕ್ಕೆ ಇಳಿದಿದೆ. ಹೂಳೂ ಮಲೆನಾಡಿನದೇ, ದಾರಿಯಲ್ಲಿ ಸಿಕ್ಕ ಗಣಿಗುಡ್ಡಗಳದೂ ಸೇರಿ.

ಈ ಕ್ಯುಸೆಕ್ಕನ್ನು ಮೆಟ್ಟಿಲಿಗೆ ತಿರುಗಿಸುವ ಲೆಕ್ಕ ಯಾರ ಹತ್ತಿರವೂ ಬರೆದಿಟ್ಟದ್ದಿಲ್ಲ. ಎಲ್ಲರ ತಲೆಯಲ್ಲಿ ಅಷ್ಟಷ್ಟು ಇದೆ. ಲಕ್ಷದಿಂದ ಒಂದೂಕಾಲು ಲಕ್ಷದ ಹೊತ್ತಿಗೆ ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಸೇತುವೆಯ ಮೇಲೆ ನೀರು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಯಾಕಂದರೆ ಬಸ್ಸು ನಿಲ್ಲುತ್ತದೆ. ಬಸ್ಸು ಬುಕ್ಕಸಾಗರ, ಕಡೆಬಾಗಿಲು ಸುತ್ತಿಕೊಂಡು ಹೋಗಬೇಕು. ಆನೆಗೊಂದಿಯ ನವಬೃಂದಾವನ ಮುಳುಗಿತು, ಹಂಪಿಯ ಪುರಂದರ ಮಂಟಪ ಮುಳುಗಿತು ಅಂತ ಪೇಪರಿನಲ್ಲಿ ಫೋಟೊ ಬರುತ್ತದಲ್ಲ, ಅದೂ ನಮಗೆ ಒಂದು ಅಳತೆಗೋಲೇ. ಮಂಟಪದ ಕಂಬ ಎಷ್ಟು ಕಾಣುತ್ತಿದೆ ಅಂತ ನೋಡಿ ಮಾವ ಗದ್ದೆಗೆ ಹೋಗಬೇಕೋ ಬೇಡವೋ ತೀರ್ಮಾನ ಮಾಡುತ್ತಾನೆ. ಪ್ರವಾಸಿಗಳಿಗೆ ಅದು ಫೋಟೊ, ಮಾವನಿಗೆ ಅದು ಹವಾಮಾನ ವರದಿ.

ಇನ್ನೊಂದು ಅಳತೆ ಗಾದೆಯಲ್ಲಿದೆ. "ಆಶ್ಲೇಷ ಮಳೆ ಈಸಲಾರದ ಹೊಳೆ." ಆಗಸ್ಟ್ 3ರ ಸುಮಾರಿಗೆ ಹುಟ್ಟಿ 16ರವರೆಗೆ ಇರುವ ನಕ್ಷತ್ರ. ನಮ್ಮ ಕಡೆ ಆಶ್ಲೇಷದಲ್ಲಿ ಮಳೆ ಬರುತ್ತದೆ ಅಂತ ಖಾತ್ರಿ ಏನೂ ಇಲ್ಲ, ಹೊಳೆ ಮಾತ್ರ ಬರುತ್ತದೆ. ಗಾದೆ ಕಟ್ಟಿದವನು ಎಲ್ಲಿಯವನೋ, ದಿನ ಮಾತ್ರ ಸರಿಯಾಗಿ ಗುರುತು ಹಾಕಿದ್ದಾನೆ.

2019ರಲ್ಲೂ ಆಶ್ಲೇಷವೇ. ಆ ಆಗಸ್ಟ್ ಎರಡನೇ ವಾರ ನಾನು ಮಾಡಿದ ತಪ್ಪೊಂದನ್ನು ಹೇಳಲೇಬೇಕು, ಈ ಬರಹ ಶುರುವಾದದ್ದೇ ಅದಕ್ಕೆ.

ಮಾವ ಬೆಳಿಗ್ಗೆ ಫೋನ್ ಮಾಡಿದ. "ಅಳಿಯಾ, ಮೋಟ್ರು ಎತ್ತಲೇನು?" ಮೋಟರು ಬಿಚ್ಚುವುದು ಸಣ್ಣ ಕೆಲಸವಲ್ಲ. ನಾಲ್ಕು ಆಳು ಬೇಕು, ಹಗ್ಗ, ಬೊಂಬು ಬೇಕು, ಟ್ರ್ಯಾಕ್ಟರ್ ಬೇಕು. ನೀರು ಬರದಿದ್ದರೆ ಆ ದುಡ್ಡು ದಂಡ, ಮತ್ತೆ ಇಳಿಸಲು ಇನ್ನೊಂದು ದಂಡ. ನಾನು ಓದಿದವನು, ಮೊಬೈಲ್ ಇದ್ದವನು. ಡ್ಯಾಂನ ಅಂಕಿ ನೋಡಿದೆ. ಹೊರಹರಿವು ಎಂಬ ಕಡೆ ಇದ್ದ ಸಂಖ್ಯೆ ಹಿಂದಿನ ವರ್ಷದ್ದಕ್ಕಿಂತ ಜಾಸ್ತಿ ಏನಿರಲಿಲ್ಲ. "ಏನಾಗಲ್ಲ ಮಾವ, ಆರನೇ ಮೆಟ್ಟಿಲು ದಾಟಲ್ಲ" ಅಂದೆ. ಕ್ಲಾಸಿಗೆ ಹೋದೆ.

ಅದರ ಪಕ್ಕದಲ್ಲೇ ಒಳಹರಿವು ಅಂತ ಇನ್ನೊಂದು ಸಂಖ್ಯೆ ಇತ್ತು. ಅದು ಇದಕ್ಕಿಂತ ಬಹಳ ದೊಡ್ಡದು. ಅದನ್ನು ಕಣ್ಣು ನೋಡಿತ್ತು, ತಲೆ ನೋಡಲಿಲ್ಲ. ಡ್ಯಾಂ ಅರ್ಧ ಖಾಲಿ ಇದ್ದಾಗ ಒಳಹರಿವು ಎಷ್ಟಿದ್ದರೂ ನಮಗೆ ಚಿಂತೆ ಇಲ್ಲ, ಅದು ನುಂಗಿಕೊಳ್ಳುತ್ತದೆ. ನೀರು 1,633 ಅಡಿಯ, ಅಂದರೆ ಪೂರ್ತಿ ತುಂಬುವ ಮಟ್ಟದ, ಹತ್ತಿರ ಬಂದ ಮೇಲೆ ಡ್ಯಾಂ ನುಂಗುವುದಿಲ್ಲ, ದಾಟಿಸುತ್ತದೆ ಅಷ್ಟೇ. ಬೆಳಿಗ್ಗೆಯ ಒಳಹರಿವೇ ರಾತ್ರಿಯ ಹೊರಹರಿವು. ಬೇಸಿನ್ ತುಂಬಿದ ಮೇಲೆ ನಲ್ಲಿ ಎಷ್ಟು ಬಿಟ್ಟರೆ ಅಷ್ಟೂ ನೆಲಕ್ಕೆ. ಇಷ್ಟು ಸಣ್ಣ ವಿಷಯ ಮೇಷ್ಟ್ರಾದ ನನಗೆ ಹೊಳೆಯಲಿಲ್ಲ.

ಸಂಜೆ ಇನ್ನಷ್ಟು ಗೇಟು ಎತ್ತಿದರು. ರಾತ್ರಿ ಮತ್ತೂ ಎತ್ತಿದರು. ಬೆಳಗಾಗುವಾಗ ಮೋಟರಿನ ಶೆಡ್ಡಿನ ತಗಡು ಮಾತ್ರ ಕಾಣುತ್ತಿತ್ತು, ಅದರ ಮೇಲೆ ಒಂದು ಬೆಕ್ಕು. ಮಧ್ಯಾಹ್ನ ತಗಡೂ ಹೋಯಿತು. ಬೆಕ್ಕನ್ನು ತೆಪ್ಪದವರು ತಂದರಂತೆ. ಅದೇ ದಿನಗಳಲ್ಲಿ ಹಂಪಿ ಎದುರಿನ ವಿರೂಪಾಪುರಗಡ್ಡೆಯಲ್ಲಿ ನೂರಾರು ಪ್ರವಾಸಿಗಳು ಸಿಕ್ಕಿಕೊಂಡು ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತು. ಟಿವಿ ತುಂಬ ಅದೇ. ಮಾವ ಟಿವಿ ನೋಡುತ್ತ, "ಅವ್ರಿಗೂ ಯಾರೋ ಅಳಿಯ ಹೇಳಿರಬೇಕು" ಅಂದನಂತೆ. ಅತ್ತೆ ಹೇಳಿದ್ದು. ನನ್ನ ಮುಂದೆ ಮಾವ ಒಂದು ಮಾತೂ ಆಡಲಿಲ್ಲ. ನೀರಿಳಿದ ಮೇಲೆ ಹೋಗಿ ನೋಡಿದರೆ ಗದ್ದೆಯ ಮೇಲೆ ಮೊಣಕಾಲುದ್ದ ಮರಳು. ಮೋಟರು ಸಿಗಲೇ ಇಲ್ಲ. ಹದಿನಾಲ್ಕನೇ ಮೆಟ್ಟಿಲಿನ ಅಂಚಿಗೆ ಮಾವ ಎಣ್ಣೆ ಬಣ್ಣದಲ್ಲಿ ಒಂದು ಗೆರೆ ಎಳೆದು '19' ಅಂತ ಬರೆದ. ಮೊದಲೆಲ್ಲ ಕೆಮ್ಮಣ್ಣಿನ ಜಾಜಿನಲ್ಲಿ ಬರೆಯುತ್ತಿದ್ದ, ಅದು ಮುಂದಿನ ಹೊಳೆಗೆ ತೊಳೆದು ಹೋಗುತ್ತಿತ್ತು.

ಅದೇ ಆಗಸ್ಟ್‌ನಲ್ಲಿ ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯಲ್ಲಿ ಒಬ್ಬ ಶಾಲೆ ಹುಡುಗ ಮುಳುಗಿದ ಸೇತುವೆಯ ಮೇಲೆ ಆಂಬುಲೆನ್ಸ್‌ನ ಮುಂದೆ ಮುಂದೆ ಓಡಿ ದಾರಿ ತೋರಿಸಿದ್ದು ನೆನಪಿರಬಹುದು. ನೀರಿನ ಕೆಳಗೆ ರಸ್ತೆ ಎಲ್ಲಿದೆ ಅಂತ ಚಾಲಕನಿಗೆ ಗೊತ್ತಿರಲಿಲ್ಲ, ಹುಡುಗನ ಕಾಲಿಗೆ ಗೊತ್ತಿತ್ತು. ಆಮೇಲೆ ಅವನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು. ಆ ವಿಡಿಯೊ ನೋಡಿದಾಗಲೆಲ್ಲ ನನಗೆ ಹೆಮ್ಮೆಗಿಂತ ಭಯ ಜಾಸ್ತಿ. ಎರಡೂ ಕಡೆ ನಾಲ್ಕು ಬಣ್ಣದ ಗೂಟ ಇದ್ದಿದ್ದರೆ, ಬೇಡ, ಗೇಟೊಂದು ಹಾಕಿ ಬೀಗ ಜಡಿದಿದ್ದರೆ, ಅವನು ಅವತ್ತು ನೀರಿಗೆ ಇಳಿಯಬೇಕಿರಲಿಲ್ಲ ಅಲ್ವಾ?

ಎಚ್ಚರಿಕೆಗಳಿಗೆ ಈಗ ಬರ ಇಲ್ಲ ಬಿಡಿ. ಹವಾಮಾನ ಇಲಾಖೆಯದು ಹಳದಿ, ಕಿತ್ತಳೆ, ಕೆಂಪು. ಹಳದಿ ಅಂದರೆ ಗಮನ ಇರಲಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಏಳಿ, ಕೆಲಸ ನೋಡಿ. ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ. ಇದನ್ನೆಲ್ಲ ನಾನು ಮಕ್ಕಳಿಗೆ ಪಾಠದ ನಡುವೆ ಹೇಳುತ್ತೇನೆ. ಆದರೆ ನೋಡಿ, ಹೊಳೆ ಬರುವ ದಿನ ನಮ್ಮ ಜಿಲ್ಲೆಯ ಮೇಲೆ ಹಸಿರು ಬಣ್ಣ ಇರುತ್ತದೆ. ಕೆಂಪು ಇರುವುದು ಶಿವಮೊಗ್ಗ, ಚಿಕ್ಕಮಗಳೂರಿನ ಮೇಲೆ. ನಮ್ಮ ದಂಡೆಯ ಮಂದಿ ನೋಡಬೇಕಾದ್ದು ಆ ಬಣ್ಣ. ನನ್ನವ್ವ ಈಗ ಟಿವಿಯಲ್ಲಿ ಶಿವಮೊಗ್ಗದ ಶಾಲೆಗಳಿಗೆ ರಜೆ ಅಂತ ಬಂದರೆ ಸಾಕು, ಮಾವನಿಗೆ ಫೋನ್ ಹಚ್ಚುತ್ತಾಳೆ.

2023ರ ಅಕ್ಟೋಬರ್‌ನಲ್ಲಿ ಮೊಬೈಲ್‌ಗಳಿಗೆ ತುರ್ತು ಸಂದೇಶ ಕಳಿಸಿ ಪರೀಕ್ಷೆ ಮಾಡಿದರಲ್ಲ, ಅವತ್ತು ನಾನು ಕ್ಲಾಸಿನಲ್ಲಿದ್ದೆ. ಕಾಲೇಜಿಗೆ ಮೊಬೈಲ್ ತರುವಂತಿಲ್ಲ. ಒಂದೇ ಸಲ ಇಪ್ಪತ್ತು ಮೂವತ್ತು ಬ್ಯಾಗುಗಳು ಚೀರಿಕೊಂಡವು. ಹುಡುಗರ ಮುಖ ನೋಡಬೇಕಿತ್ತು. ನನ್ನ ಜೇಬೂ ಚೀರಿತು, ಹಾಗಾಗಿ ಯಾರನ್ನೂ ಬೈಯಲಾಗಲಿಲ್ಲ. ಆ ಸದ್ದು ಕೇಳಿದರೆ ಸತ್ತವರೂ ಎದ್ದು ಕೂರಬೇಕು, ಅಷ್ಟು ಚೆನ್ನಾಗಿದೆ. ಎದ್ದು ಕೂತವರಿಗೆ ಏನು ಹೇಳಬೇಕು ಎನ್ನುವುದೇ ಪ್ರಶ್ನೆ. "ನದಿ ಪಾತ್ರದ ಜನರು ಎಚ್ಚರಿಕೆಯಿಂದಿರಿ" ಅಂತ ಬಂದರೆ ನಮ್ಮ ಕೆಳಗಿನ ಓಣಿಯವರೂ ನದಿ ಪಾತ್ರ, ಎತ್ತರದಲ್ಲಿರುವ ಗೌಡರ ಮನೆಯೂ ನದಿ ಪಾತ್ರ. ಯಾರು ಏಳಬೇಕು, ಯಾರು ಮಲಗಬಹುದು?

ಗಾಳಿ ಮಳೆಯದು ಬೇರೆ ಕತೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ನಾಲ್ಕಕ್ಕೆ ಕರ್ರಗೆ ಮೋಡ ಎದ್ದು ಅರ್ಧ ತಾಸಿನಲ್ಲಿ ಎಲ್ಲ ಮುಗಿಸಿ ಹೋಗುತ್ತದೆ. ಗಂಗಾವತಿ, ಕಾರಟಗಿ, ಸಿರುಗುಪ್ಪದ ಕಡೆ ಕೊಯ್ಲಿಗೆ ಬಂದ ಭತ್ತ ಚಾಪೆ ಹಾಸಿದಂತೆ ಮಲಗುತ್ತದೆ. ಕಂಪ್ಲಿಯ ಬಾಳೆ ತೋಟಗಳು ಗೊನೆ ಸಮೇತ ಅಡ್ಡ ಬೀಳುತ್ತವೆ. ಸಿಡಿಲಿಗೆ ಗಿಡದ ಕೆಳಗೆ ನಿಂತ ಕುರಿಗಾಹಿಗಳು ಸಾಯುತ್ತಾರೆ. ಇದಕ್ಕೆ 'ದಾಮಿನಿ' ಅಂತ ಒಂದು ಆ್ಯಪ್ ಇದೆ, ಸುತ್ತಲಿನ 20ರಿಂದ 40 ಕಿಲೋಮೀಟರ್ ಒಳಗೆ ಮಿಂಚು ಬಂದರೆ ಹೇಳುತ್ತದೆ. ನಮ್ಮ ಹುಡುಗರ ಮೊಬೈಲಿಗೆ ಹಾಕಿಸಿದ್ದೇನೆ. ಹೊಳೆಯಾದರೆ ಎರಡು ದಿನ ಮೊದಲೇ ಸುಳಿವು ಕೊಟ್ಟು ಬರುತ್ತದೆ, ಸಿಡಿಲು ಕಾಯುವುದಿಲ್ಲ.

ತಿಳಿ ಆಕಾಶದ ಪ್ರವಾಹ ಅಂತ ಇಷ್ಟು ಹೊತ್ತು ಹೇಳಿದೆ. 2009 ಮಾತ್ರ ಹಾಗಿರಲಿಲ್ಲ. ಅಕ್ಕನನ್ನು ಕೊಟ್ಟದ್ದು ರಾಯಚೂರು ಕಡೆಗೆ. ಸೆಪ್ಟೆಂಬರ್ ಕೊನೆಗೆ, ಹಸ್ತ ಮಳೆಯಲ್ಲಿ, ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ವಾಯುಭಾರ ಕುಸಿತಕ್ಕೆ ಮಳೆ ನಮ್ಮ ಮೇಲೇ ನಿಂತಿತು. ಹಗಲು ರಾತ್ರಿ ಬಿಡಲಿಲ್ಲ. ಅಲ್ಲಿಯವು ಮಣ್ಣಿನ ಮಾಳಿಗೆ ಮನೆಗಳು. ಬಿಸಿಲಿಗೆ ಕಟ್ಟಿದ ಮನೆ, ಜಡಿ ಮಳೆಗಲ್ಲ. ಮೇಲಿನ ಮಣ್ಣು ನೀರು ಕುಡಿದು ಕುಡಿದು ಭಾರವಾಗಿ ಜಂತಿ ಸಮೇತ ಕೆಳಗೆ ಬಂತು. ಅಕ್ಕನ ಮನೆಯ ಒಂದು ಗೋಡೆ ರಾತ್ರಿ ಹೊರಗಡೆಗೆ ಬಿತ್ತು, ಒಳಗಡೆಗೆ ಬಿದ್ದಿದ್ದರೆ ಈ ಸಾಲು ನಾನು ಬರೆಯುತ್ತಿರಲಿಲ್ಲ. ಮಂತ್ರಾಲಯ ಮುಳುಗಿತು, ಅದರ ಹತ್ತಿರದ ತಲಮಾರಿ ಮುಳುಗಿತು, ಕರ್ನೂಲು ಪಟ್ಟಣವೇ ಮುಳುಗಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಬರಪೀಡಿತ ತಾಲ್ಲೂಕು ಅಂತ ಪಟ್ಟಿಯಲ್ಲಿದ್ದ ಊರುಗಳವು. ಅಕ್ಕ ಈಗಲೂ ಮಳೆ ಎರಡನೇ ದಿನಕ್ಕೆ ಹೋದರೆ ಗೋಡೆಗೆ ಕೈ ಇಟ್ಟು ನೋಡುತ್ತಾಳೆ. ಈಗಿನದು ಸಿಮೆಂಟ್ ಗೋಡೆ. ಆದರೂ ನೋಡುತ್ತಾಳೆ.

ಮತ್ತೆ ಹೊಳೆಗೆ ಬರುತ್ತೇನೆ. 2024, ಆಗಸ್ಟ್ 10, ಶನಿವಾರ ರಾತ್ರಿ. ಮತ್ತೆ ಆಶ್ಲೇಷ. ಡ್ಯಾಂ ತುಂಬಿ ನಿಂತಿತ್ತು. 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. 60 ಅಡಿ ಅಗಲ, 20 ಅಡಿ ಎತ್ತರದ ಕಬ್ಬಿಣದ ಗೇಟು. ನಡುರಾತ್ರಿ ದಾಟಿದ ಮೇಲೆ ವಾಟ್ಸಾಪ್ ಶುರುವಾಯಿತು. ಒಬ್ಬ "ಡ್ಯಾಂ ಒಡದೈತಿ" ಅಂತ ಹಾಕಿದ. ಇನ್ನೊಬ್ಬ ಯಾವುದೋ ದೇಶದ ಡ್ಯಾಂ ಒಡೆಯುವ ವಿಡಿಯೊ ಹಾಕಿದ. ಕೆಳಗಿನ ಓಣಿಯವರು ಮಕ್ಕಳು ಮರಿ ಕಟ್ಟಿಕೊಂಡು ಟ್ರ್ಯಾಕ್ಟರ್ ಹತ್ತಿದರು.

ಮಾವ ಫೋನ್ ಮಾಡಿ ಒಂದೇ ಮಾತು ಕೇಳಿದ. "ಎಷ್ಟನೇ ಮೆಟ್ಲ?"

ಈ ಸಲ ನಾನು ಎರಡೂ ಸಂಖ್ಯೆ ನೋಡಿದೆ. ಕಿತ್ತುಹೋದ ಗೇಟಿನಿಂದ ಹೋಗುತ್ತಿದ್ದದ್ದು ಸುಮಾರು 35 ಸಾವಿರ ಕ್ಯುಸೆಕ್. ಉಳಿದ ಗೇಟುಗಳ ಮೇಲಿನ ಭಾರ ಇಳಿಸಲು ಅವನ್ನೂ ಎತ್ತಿದ್ದರು, ಎಲ್ಲ ಸೇರಿ ಸುಮಾರು ಒಂದು ಲಕ್ಷ. 2019ಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಒಳಹರಿವು ಕಡಿಮೆಯೇ ಇತ್ತು. "ಐದು ಮಾವ. ಐದರ ಮೇಲೆ ಬರಲ್ಲ. ಉಳಿದ ಗೇಟು ಗಟ್ಟಿ ಇದ್ರೆ." ಕೊನೆಯ ಮಾತನ್ನು ಸೇರಿಸದೆ ಇರಲಾಗಲಿಲ್ಲ.

ಬೆಳಿಗ್ಗೆ ಊರಿಗೆ ಹೋದೆ. ಮಾವ ಆರನೇ ಮೆಟ್ಟಿಲಿನ ಮೇಲೆ ಕೂತಿದ್ದ, ಕಾಲು ಐದನೆಯದರ ಮೇಲೆ. ನೀರು ನಾಲ್ಕನೆಯದರಲ್ಲಿತ್ತು. ಗೆದ್ದೆ ಅಂತ ಅನ್ನಿಸಿ ಪಕ್ಕದಲ್ಲಿ ಕೂತೆ. ಮಾವನ ಮುಖ ನೋಡಿದರೆ ಸಾವಿನ ಮನೆಯವರ ಮುಖ. 2019ರಲ್ಲಿ ಮೋಟರು ಹೋದಾಗಲೂ ಹಾಗಿರಲಿಲ್ಲ. "ಬರೋ ನೀರಿಗೆ ನಾ ಎಂದೂ ಅಂಜಿಲ್ಲ ಅಳಿಯಾ" ಅಂದ, "ಹೋಗೋ ನೀರು ನೋಡು ಇದು."

ಆಗ ನನಗೆ ತಲೆಗೆ ಹೋಯಿತು. ನಾನು ಮೆಟ್ಟಿಲು ಎಣಿಸುತ್ತಿದ್ದೆ, ಮಾವ ಎಕರೆ ಎಣಿಸುತ್ತಿದ್ದ. ಅದು ಡ್ಯಾಂನಲ್ಲಿ ಕೂಡಿಟ್ಟ ನೀರು. ಮುಂದೆ ಮಳೆ ಬರದಿದ್ದರೆ ನಾಟಿ ಮಾಡಿದ ಭತ್ತಕ್ಕೆ ಇಲ್ಲ, ಎರಡನೇ ಬೆಳೆಗಂತೂ ಇಲ್ಲವೇ ಇಲ್ಲ. ಗೇಟು ಕೂರಿಸಬೇಕಾದರೆ ಡ್ಯಾಂ ಅರ್ಧಕ್ಕೂ ಹೆಚ್ಚು ಖಾಲಿ ಆಗಬೇಕು ಎಂಬ ಮಾತು ಅವತ್ತೇ ಬಂತು. ಊರಿಗೆ ಊರೇ ದಂಡೆಗೆ ಬಂದು ನಿಂತು ನೀರು ಹೋಗುವುದನ್ನು ನೋಡುತ್ತಿತ್ತು. ಹೋದ ತಿಂಗಳು ಇದೇ ಹೊಳೆಗೆ ಉಡಿ ತುಂಬಿದ್ದ ಹೆಂಗಸರೂ ಇದ್ದರು. ಯಾರೂ ಮಾತಾಡುತ್ತಿರಲಿಲ್ಲ. ಪ್ರವಾಹದಲ್ಲಿ ಗದ್ದಲ ಇರುತ್ತದೆ, ಕೂಗಾಟ ಇರುತ್ತದೆ. ಆ ಬೆಳಿಗ್ಗೆ ನೀರಿನ ಸದ್ದು ಒಂದೇ.

ಮುಂದಿನದು ನಿಮಗೆ ಗೊತ್ತಿದೆ. ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟಿನ ಕಬ್ಬಿಣದ ತುಂಡುಗಳನ್ನು, ಇಳಿಸಿದರು, ಒಂದು ವಾರದಲ್ಲಿ ನೀರು ನಿಂತಿತು. ಮೇಲೆ ಮತ್ತೆ ಮಳೆಯಾಗಿ ಡ್ಯಾಂ ಮತ್ತೆ ತುಂಬಿತು. ಮಲೆನಾಡಿನವರ ಮಳೆ ನಮ್ಮನ್ನು ಹೆದರಿಸಿದಷ್ಟೇ ಸಲ ಬದುಕಿಸಿದೆ, ಇದನ್ನು ಆ ತೀರ್ಥಹಳ್ಳಿ ಮೇಷ್ಟ್ರಿಗೆ ಫೋನ್ ಮಾಡಿಯೇ ಹೇಳಿದೆ. ಮರುವರ್ಷ, 2025ರಲ್ಲಿ, ಹಳೇ ಗೇಟುಗಳ ಭಯಕ್ಕೆ 80 ಟಿಎಂಸಿಗಿಂತ ಜಾಸ್ತಿ ನಿಲ್ಲಿಸಲಿಲ್ಲ. ಮಿಕ್ಕಿದ್ದೆಲ್ಲ ಗುಡಿಯ ಮುಂದೆಯೇ ಹೋಯಿತು. ಮಾವ ದಿನಾ ಹೋಗಿ ನೋಡುತ್ತಿದ್ದ.

ನಾನೀಗ ಒಂದು ಕೆಲಸ ಮಾಡುತ್ತೇನೆ. ಊರಿನ ಗುಂಪಿಗೆ ಪುಷ್ಯ ಮಳೆಯಿಂದ ಮಘೆ ಮುಗಿಯುವವರೆಗೆ ದಿನಾ ಸಂಜೆ ಒಂದು ಸಾಲು ಹಾಕುತ್ತೇನೆ. ಕ್ಯುಸೆಕ್ ಇಲ್ಲ, ಬಣ್ಣ ಇಲ್ಲ. "ನಾಳೆ ಬೆಳಿಗ್ಗೆ: 4." ಅಷ್ಟೇ. ಇದಕ್ಕಾಗಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ: ಒಳಹರಿವು, ಹೊರಹರಿವು, ಡ್ಯಾಂನ ಮಟ್ಟ, ಮಾವ ನೋಡಿ ಹೇಳಿದ ಮೆಟ್ಟಿಲು. ಲೆಕ್ಕ ಯಾವಾಗಲೂ ಕೂಡುವುದಿಲ್ಲ. ಹೊಳೆಯ ತಳ ವರ್ಷ ವರ್ಷ ಬದಲಾಗುತ್ತದೆ, ಒಂದು ಕಡೆ ಮರಳು ತೋಡುತ್ತಾರೆ, ಒಂದು ಕಡೆ ಹೂಳು ಕೂರುತ್ತದೆ. ಹೋದ ವರ್ಷ ಐದಕ್ಕೆ ನಿಂತ ಕ್ಯುಸೆಕ್ ಈ ವರ್ಷ ಐದಕ್ಕೇ ನಿಲ್ಲಬೇಕು ಅಂತ ಇಲ್ಲ.

ಒಂದು ದಿನ ಐದು ಅಂತ ಹಾಕಿ ಮಲಗಿದೆ. ಬೆಳಿಗ್ಗೆ ಆರಕ್ಕೆ ಮಾವನ ಧ್ವನಿ ಸಂದೇಶ ಬಂದಿತ್ತು. ಹಿಂದೆ ನೀರಿನ ಸದ್ದು ಜೋರಾಗಿತ್ತು, ಮಾವನೂ ಜೋರಾಗಿಯೇ ಕೂಗಿದ್ದ.

"ಆರು. ಬರಕೊ."